ಸೋರೆಬುರುಡೆಯ ಬ್ಯಾಂಜೋ

“ಸುಪ್ರಜಾ, ಹಿಡ್ಕೊಳ್ಳೇ ಇದನ್ನ! ನಿಮ್ಮಪ್ಪನ್ನ ಎಲ್ಲಿ ಮಲಗಿಸೋದು?” ಎನ್ನುತ್ತಾ ಅಲಮೇಲು ಹಾಲ್‌ನ ನಡುವೆ ಇದ್ದ ಬ್ಯಾಂಜೋವನ್ನು ಮಗಳ ಕೈಗೆ ತುರುಕಿದರು. ಆಸ್ಪತ್ರೆಯಿಂದ ಗಂಡ ಕಿಟ್ಟು ಅವರ ದೇಹ ಪವಾಯಿಯ ಬಿಲ್ಡಿಂಗಿನ ಗೇಟಿಗೆ ಬಂದಾಗಿತ್ತು. ಸೋರೆಬುರುಡೆಗೆ ಮೇಕೆಯ ಚರ್ಮ ಬಿಗಿದು, ಮರದ ಕೋಲು ಸಿಕ್ಕಿಸಿ ಅವರೇ ಮಾಡಿಕೊಂಡ ವಾದ್ಯ ಅದು.

“ಪುರೋಹಿತರು ಬರೋ ಹೊತ್ತು. ಆ ಚರ್ಮಾನ ಈಗಲಾದರೂ ಆಚೆ ಹಾಕಿ ಅತ್ತಿಗೆ,” ಎಂದ ಮೈದುನ ಶ್ರೀರಾಮ್.

“ನಿಮ್ಮಣ್ಣನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಈಗ ನಿಮ್ಮದು ಶುರುವಾಯ್ತಾ?”

*

ಆಫೀಸಿನಿಂದ ನಿವೃತ್ತರಾದ ವರ್ಷ ಕಿಟ್ಟು ಪರೇಲಿನ ಗಣಪತಿ ಮೆರವಣಿಗೆಯಲ್ಲಿ ಬ್ಯಾಂಜೋ ಪಾರ್ಟಿ ಎಂಬ ವಾದ್ಯತಂಡದ ಸುಭಾಷನನ್ನು ನಿಲ್ಲಿಸಿ, ಈ ವಾದ್ಯ ಎಲ್ಲಿಯದು ಎಂದು ಕೇಳಿದ್ದರು. ವಿಜಯಪುರದ ಕಡೆಯ ಸುಭಾಷ, “ದಾದರದಾಗ ತಗೊಂಡಿದ್ರೀ,” ಎಂದಿದ್ದ.

ಅಲ್ಲಿಂದ ಹಿಡಿಯಿತು ಹುಚ್ಚು. ಸುಭಾಷನದು ಗುಂಡಿ ಒತ್ತಿ ನುಡಿಸುವ ಬೇರೆಯೇ ವಾದ್ಯ, ಹೆಸರಷ್ಟೇ ಒಂದು ಎಂದು ಓದಿ ತಿಳಿದುಕೊಂಡರು. ಮನೆಗೆ ಬಂದವರು ಕಾಫಿ ಮುಗಿಸುವ ಮೊದಲೇ ಶುರು: “ಎಲ್ಲಾ ಅಮೆರಿಕದ್ದು ಅಂದ್ಕೊಂಡಿದಾರೆ. ಅಲ್ಲ ಕಣ್ರೀ. ಆಫ್ರಿಕಾದಿಂದ ಗುಲಾಮರಾಗಿ ಹಡಗು ಹತ್ತಿಸಿದ ಜನ...” ಅಲಮೇಲು ಅಡುಗೆಮನೆಯಲ್ಲಿ ಬೇಕೆಂದೇ ಮಿಕ್ಸಿ ಹಾಕುತ್ತಿದ್ದರು.

ಬಾಲ್ಕನಿಯಲ್ಲಿ ಒಣಗಲಿಟ್ಟ ಸೋರೆಕಾಯಿಗಳು ಕೊಳೆತವು. ಚರ್ಮದ ವಾಸನೆಗೆ ಪಕ್ಕದ ಫ್ಲಾಟಿನವರು ಬಾಗಿಲು ಬಡಿದರು. “ಇದಕ್ಕೆಲ್ಲಾ ನಾನು ಉತ್ತರ ಹೇಳಬೇಕಾ?” ಎಂದು ಅಲಮೇಲು ರೇಗಿದರೆ, ಕಿಟ್ಟು ತಂತಿ ಮೀಟಿ “ಕೇಳು” ಎನ್ನುತ್ತಿದ್ದರು. ಒಂದು ಹಾಡೂ ಅವರಿಗೆ ಪೂರ್ತಿ ಬರಲಿಲ್ಲ.

*

ದೇಹವನ್ನು ಹೊರಡಿಸುವ ಹೊತ್ತಿಗೆ, ಆ ಮೆರವಣಿಗೆಯ ನಂತರವೂ ಕಿಟ್ಟು ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಸುಭಾಷ ಪರೇಲಿನಿಂದ ಹಾರ ಹಿಡಿದು ಬಂದ. ಸುಪ್ರಜಾಳ ಕೈಲಿದ್ದ ಬುರುಡೆ ನೋಡಿ ಅವನ ಕಣ್ಣು ತುಂಬಿತು. “ಸಾಹೇಬ್ರು ಮಾಡಿ ಮುಗಿಸಿದ್ರೇನ್ರೀ ಇದನ್ನ?”

“ಹೂಂ. ಅಮೆರಿಕದ ವಾದ್ಯದ ಹಿಂದೆ ಬಿದ್ದು ಆಯಸ್ಸೂ ಮುಗಿಸಿದ್ರು,” ಎಂದ ಶ್ರೀರಾಮ್.

ಅಲಮೇಲು ಸರ್ರನೆ ತಿರುಗಿದರು. “ಅಮೆರಿಕದ್ದಲ್ಲ ಶ್ರೀರಾಮ್! ಎಷ್ಟು ಸಲ ಹೇಳಿದಾರೆ ನಿಮಗೆ, ಕಿವಿ ಎಲ್ಲಿಟ್ಟಿದ್ರಿ?” ಮಗಳ ಕೈಯಿಂದ ಬ್ಯಾಂಜೋ ಕಿತ್ತುಕೊಂಡರು. “ಆ ಜನಾನ ಬರಿಗೈಲಿ ಎಳ್ಕೊಂಡು ಹೋದ್ರು. ಊರಲ್ಲಿ ನುಡಿಸ್ತಿದ್ದದ್ದು ಮಾತ್ರ ನೆನಪಿತ್ತು. ಅಲ್ಲಿ ಬುರುಡೆ ಸಿಕ್ತು, ಚರ್ಮ ಸಿಕ್ತು, ಮತ್ತೆ ಮಾಡ್ಕೊಂಡ್ರು. ಬಿಳಿಯರು ಅವರಿಂದಲೇ ಕಲಿತು ತಮ್ಮದು ಅಂದ್ರು.”

“ಈ ಒಂದ್ ತಂತಿ ಯಾಕ ಗಿಡ್ಡ ಐತ್ರಿ ಅಮ್ಮಾರ?” ಸುಭಾಷ ಕೇಳಿದ.

“ಅದು ಹೆಬ್ಬೆರಳಿಗಪ್ಪ. ಹಾಡನ್ನ ಬೇರೆ ತಂತಿಗಳು ನೋಡ್ಕೊಳ್ತವೆ. ಇದು ನಡುನಡುವೆ ಒಂದೇ ಸ್ವರ ಹಿಡಿದಿರತ್ತೆ.”

“ಅತ್ತಿಗೆ, ಲಿಫ್ಟ್ ಬಂತು.”

“ಇರ್ರೀ! ಅರ್ಧಕ್ಕೆ ನಿಲ್ಲಿಸಿದ್ರೆ ಅವರಿಗೆ ಆಗ್ತಿರಲಿಲ್ಲ.”

ಚಟ್ಟ ಹೊತ್ತವರು ಹೊಸ್ತಿಲಲ್ಲೇ ನಿಂತರು. ಶ್ರೀರಾಮ್ ಕಾಲು ಅಡ್ಡವಿಟ್ಟಿದ್ದ ಲಿಫ್ಟಿನ ಬಾಗಿಲು ಮುಚ್ಚಲು ಬಂದು ಬಂದು ಹಿಂದೆ ಸರಿಯುತ್ತಿತ್ತು. ಅಲಮೇಲು ಬುರುಡೆಯನ್ನು ಎದೆಗೆ ಒತ್ತಿಕೊಂಡು, ಗಿಡ್ಡ ತಂತಿಯನ್ನು ಹೆಬ್ಬೆರಳಿನಿಂದ ಮೀಟುತ್ತಾ, ಸುಭಾಷನಿಗೆ ಹೇಳುತ್ತಲೇ ಇದ್ದರು.