ರಟ್ಟಿನ ಡಬ್ಬಿಯಲ್ಲಿ ಬಂದ ಲಿಂಗ

ಅಮೆರಿಕದ ನೌಕಾಪಡೆ ಸೇರಿದ ಮಕ್ಕಳು ತೊಟ್ಟು ಹೋದ ಬಟ್ಟೆ ತರಬೇತಿ ಶಿಬಿರದಿಂದ ಮನೆಗೆ ವಾಪಸ್ ಬರುತ್ತದೆ. ನೇಪರ್‌ವಿಲ್‌ನ ಮನೆಗೆ ಬಂದ ಶಿವಾನಿಯ ರಟ್ಟಿನ ಡಬ್ಬಿಯಲ್ಲಿ ಜೀನ್ಸು, ಶೂ, ಅವುಗಳ ಕೆಳಗೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಅಜ್ಜಿ ಶಿವಲಿಂಗಮ್ಮ ಅದನ್ನೆತ್ತಿ ಸೆರಗಿನೊಳಗೆ ಇಟ್ಟುಕೊಂಡಳು. ಕಟ್ಟಿದ ಲಿಂಗ ಮೈಬಿಟ್ಟು ಬರುವುದೆಂದರೇನು? ಸತ್ತರೂ ಅದನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುವ ಮಂದಿ ಇವರು.

“ಕ್ಯಾಂಪಿನವರೇ ಬಿಚ್ಚಿಸ್ಯಾರ, ಹಾಳಾದವರು,” ಎಂದಳು.

ಮಗ ರಾಜಶೇಖರ್ ಶಿವಾನಿಯ ಅಪ್ಪ. ದೊಡ್ಡ ಡಾಕ್ಟರು, ಮಗಳು ನೌಕಾಪಡೆ ಸೇರುವುದನ್ನು ತಡೆಯಲಾಗದೆ ಅವಳ ಜೊತೆ ಮಾತು ಬಿಟ್ಟು ಕೂತಿದ್ದ, ಕೈಲಾಗದವನು ಮೈ ಪರಚಿಕೊಂಡ ಹಾಗೆ. ಆಚೆ ಸಮುದ್ರದಲ್ಲಿ ಯುದ್ಧ ನಡೆದಿತ್ತು. ತರಬೇತಿ ಮುಗಿದರೆ ಶಿವಾನಿಗೆ ಹಡಗೇ ಗತಿ. ಲಿಂಗವನ್ನಾದರೂ ಕೊರಳಿಗೆ ಕಟ್ಟಿ ಕಳಿಸಬೇಕು, ಮುದುಕಿಯ ಹಟ ಅಷ್ಟೇ.

ತರಬೇತಿ ಮುಗಿಸಿದವರ ಪರೇಡಿನ ಹಿಂದಿನ ದಿನ, ಶಿಬಿರದ ಹತ್ತಿರ, ಸರೋವರದ ದಂಡೆಯ ಹೋಟೆಲಿನಲ್ಲಿ ಇಳಿದರು. ಬೇಸಿಗೆಯಲ್ಲಿ ಮಂದಿ ಈಜಿ, ಐಸ್‌ಕ್ರೀಮ್ ತಿಂದು ಹೋಗುವ ಮೋಜಿನ ಊರು. ಗೋಡೆಯ ಹಳೆಯ ಫೋಟೋದಲ್ಲಿ ಅದೇ ಮರಳಿನ ಮೇಲೆ ಹುಡುಗರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಹೋಟೆಲುಗಳೆಲ್ಲ ಸೈನಿಕರ ವಸತಿಯಾಗಿದ್ದವಂತೆ. ವಿಮಾನ ಹಾರಿಸಲು ಕಲಿಯುತ್ತ ಕೆಲವರು ಈ ನೀರಿಗೇ ಬಿದ್ದರು, ಹೆಣವೂ ಸಿಗಲಿಲ್ಲ ಎಂದು ಮಗ ಓದಿ ಹೇಳಿದ. ಯುದ್ಧ ನೋಡುವ ಮೊದಲೇ ಮುಳುಗಿದ ಪಾಪದ ಕೂಸುಗಳು. ಶಿವಲಿಂಗಮ್ಮ ಸೆರಗಿನೊಳಗಿನ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಪರೇಡು ಮುಗಿದ ಮೇಲೆ ಬಿಳಿ ಟೋಪಿಯ ಶಿವಾನಿ ಬಂದು ಅಜ್ಜಿಯ ಕಾಲು ಮುಟ್ಟಿದಳು. ಮುದುಕಿ ಕರಡಿಗೆಗೆ ಪೋಣಿಸಿದ ಹೊಸ ಶಿವದಾರದ ಗಂಟು ಬಿಚ್ಚಿದಳು.

“ಕೊರಳು ಬಗ್ಗಿಸು ಯವ್ವಾ. ನಿಮ್ಮ ಸಾಹೇಬರ ಜೋಡಿ ನಾ ಮಾತಾಡ್ತೀನಿ.”

“ಅಜ್ಜಿ, ಅವರೇನೂ ಬ್ಯಾಡ ಅಂದಿಲ್ಲ. ಪರ್ಮಿಷನ್ ಇತ್ತು. ನಾನೇ ಕಳ್ಸೀನಿ.”

“ಯಾಕ?”

“ಈ ಲೇಕ್‌ನಾಗ ಬಿದ್ದವರ ಕಥಿ ನಮಗೂ ಬಂದ ದಿನಾನ ಹೇಳ್ಯಾರ. ಅವರ ಮನಿಯವರಿಗೆ ಏನೂ ಸಿಗಲಿಲ್ಲ.” ಹುಡುಗಿ ಅಪ್ಪನ ಕಡೆ ನೋಡಲಿಲ್ಲ. “ನಮ್ಮ ಶಿಪ್ ಮುಳುಗಿದ್ರ ನಿಮಗ ಏನ್ ಸಿಗ್ತದ? ಮಣ್ಣು ಮಾಡಾಕ ಇದಾದ್ರೂ ಇರಲಿ.”

ಶಿವಲಿಂಗಮ್ಮ ಶಿವದಾರವನ್ನು ಕರಡಿಗೆಗೆ ಸುತ್ತಿದಳು. ರಾಜಶೇಖರ್ ಕಾರಿನ ಕಡೆ ತಿರುಗಿ ನಿಂತ. ಶಿವಾನಿಯನ್ನು ಯಾರೋ ಕರೆದರು, ಹೋದಳು.

ಒಂದು ಮೈಗೆ ಒಂದೇ ಲಿಂಗ ಎಂದು ಹಿರಿಯರ ಮಾತು. ನೇಪರ್‌ವಿಲ್‌ಗೆ ಮರಳುವಾಗ ಮುದುಕಿಯ ಕೊರಳಲ್ಲಿ ಎರಡಿದ್ದವು.