ಗೌಡರ ಅಟ್ಟ

ಎರಡನೆಯ ಕೀರ್ತನೆ ನಡೆದಿರುವಾಗ ಜೀಪಿನ ಸದ್ದು ಕೇಳಿಸಿತು. ಚಂದಮ್ಮನ ಬಾಯಲ್ಲಿದ್ದ ಪದ ಅಲ್ಲೇ ಒಣಗಿತು. ಊರಿಗೆಲ್ಲ ಇದ್ದದ್ದು ಒಂದೇ ಜೀಪು, ಬಕ್ಕಪ್ಪಗೌಡನದು. ಅದು ಚರ್ಚಿನ ಅಂಗಳಕ್ಕೆ ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಅವಳು ತಲೆಯೆತ್ತಿ ಅಟ್ಟದ ಕಡೆ ನೋಡಲಿಲ್ಲ. ನೋಡಬಾರದೆಂದು ಬೆಳಿಗ್ಗೆಯಿಂದ ಕಣ್ಣಿಗೆ ಕಡಿವಾಣ ಹಾಕಿಕೊಂಡಿದ್ದಳು. ಅಲ್ಲಿ, ಕುರ್ಚಿಯ ಹಿಂದೆ, ಅವಳ ತಮ್ಮ ವೈಜಿನಾಥ ಬೋರಲು ಮಲಗಿದ್ದ.

ಅವನು ಮಾಡಿದ್ದಾದರೂ ಏನು? ಸರಕಾರ ಜೀತ ತೆಗೆದುಹಾಕಿದೆ ಎಂದು ಹುಮನಾಬಾದಿನ ಹೋಟೆಲಿನ ರೇಡಿಯೊದಲ್ಲಿ ಕೇಳಿಬಂದು, ಗೌಡನ ಜೋಳದ ಕಣದಲ್ಲಿ ನಿಂತು, 'ನಾಳಿಂದ ನಾ ಬರಂಗಿಲ್ರಿ' ಅಂದ. ಗೌಡ ಬಾರಕೋಲು ಎತ್ತಿದ. ವೈಜಿನಾಥ ಅದನ್ನು ಕಸಿದುಕೊಂಡು ಮೊಣಕಾಲಿಗೆ ಹಚ್ಚಿ ಮುರಿದ. ಹೊಡೆಯಲಿಲ್ಲ, ಬೈಯಲಿಲ್ಲ, ಮುರಿದ ಅಷ್ಟೆ. ಕಣದಲ್ಲಿದ್ದವರೆಲ್ಲ ನೋಡಿದರು, ಅದೇ ತಪ್ಪು. ಮರುದಿನ ಗೌಡನ ಆಳುಗಳು ಕೇರಿಯ ಒಂದೊಂದು ಗುಡಿಸಲನ್ನೂ ಕೊಡಲಿಯ ಹಿಡಿಯಿಂದ ತಿವಿದು ಹುಡುಕಿದರು. ಚರ್ಚಿನ ಒಳಗೂ ಇಣುಕಿದರು. ಅಟ್ಟ ಮಾತ್ರ ಹತ್ತಲಿಲ್ಲ. ಅದು ಗೌಡರದು, ಗೌಡರ ಜಾಗದಲ್ಲಿ ಹೊಲೆಯ ಅಡಗಿರುತ್ತಾನೆ ಎಂದು ಯಾರ ತಲೆಗೆ ಹೊಳೆದೀತು?

ಈ ಚರ್ಚನ್ನು ಕಟ್ಟಿಸಿದವನು ಸ್ಕಾಟ್ಲೆಂಡಿನಿಂದ ಬಂದ ಪಾದ್ರಿ. ಆಗ ನಿಜಾಮನ ಕಾಲ. ಕಲ್ಯಾಣದ ಕಡೆಯಿಂದ ಬಂಡಿಗಟ್ಟಲೆ ಕರಿಕಲ್ಲು ತರಿಸಿ, ತಾನು ಹುಟ್ಟಿದ ಊರಿನ ಚರ್ಚನ್ನು ನೆನಪಿನಿಂದಲೇ ಇಲ್ಲಿ ಎಬ್ಬಿಸಿದ. ಅಲ್ಲಿ ಹಿಮ ಬೀಳುತ್ತದೆ, ಜಾರಿಹೋಗಲೆಂದು ಚಾವಣಿ ಕಡಿದಾಗಿ ಇಳಿಯುತ್ತದೆ. ಇಲ್ಲಿಯೂ ಹಾಗೇ ಇಳಿಸಿದ, ಬಿಸಿಲು ಜಾರೀತೆ? ಅಲ್ಲಿ ಬಡಗಣ ಗಾಳಿ ಚರ್ಮ ಸುಲಿಯುತ್ತದೆಂದು ಆ ಗೋಡೆಗೆ ಕಿಟಕಿ ಇಡುವುದಿಲ್ಲ. ಇಲ್ಲಿಯೂ ಇಡಲಿಲ್ಲ, ಬೇಸಗೆ ಬಂದರೆ ಕುಳಿತವರು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಾರೆ. ಉದ್ದನೆಯ ಗೋಡೆಯ ನಡುವೆ ಉಪದೇಶದ ಕಟ್ಟೆ, ಅದರ ಎದುರಿಗೆ ಮೇಲೊಂದು ಅಟ್ಟ. ಆ ದೇಶದ ಊರೊಡೆಯ ಕೂಲಿಕಾರರ ಬಾಗಿಲಲ್ಲಿ ಒಳಗೆ ಬರುತ್ತಿರಲಿಲ್ಲವಂತೆ. ಅವನಿಗೆಂದೇ ಹೊರಗಿನಿಂದ ಕಲ್ಲಿನ ಮೆಟ್ಟಿಲು, ಅವನಿಗೆಂದೇ ಅಟ್ಟ. ದೇವರ ಮುಂದೆ ಎಲ್ಲರೂ ಒಂದೇ ಎಂದು ಹೇಳಲು ಕಡಲು ದಾಟಿ ಬಂದವನು ಆ ಮೆಟ್ಟಿಲನ್ನೂ ಬಿಡದೆ ಹೊತ್ತು ತಂದ!

ಚರ್ಚು ತೆರೆದ ದಿನ ಬಕ್ಕಪ್ಪಗೌಡನ ಅಪ್ಪ ಬಂದು, ಅಟ್ಟ ಹತ್ತಿ, ಪಾದ್ರಿ ಹಾಕಿಸಿದ್ದ ಕುರ್ಚಿಯಲ್ಲಿ ಒಂದು ಎಲೆ ಮೆಲ್ಲುವಷ್ಟು ಹೊತ್ತು ಕೂತು ಹೋದ. ಮತ್ತೆ ಆ ಮನೆಯವರು ಬರಲಿಲ್ಲ. ಪಾದ್ರಿ ಹೋದ, ನಿಜಾಮ ಹೋದ, ಕುರ್ಚಿ ಹೋಗಲಿಲ್ಲ. ಜನ ಅದನ್ನು ಕಾಯ್ದರು. ಕೆಳಗೆ ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಗುಲಿಸಿ ಕುಳಿತರೇ ಹೊರತು ಅಟ್ಟಕ್ಕೆ ಕಾಲಿಡಲಿಲ್ಲ. ಶನಿವಾರಕ್ಕೊಮ್ಮೆ ಚಂದಮ್ಮನ ಅವ್ವ ಹತ್ತಿ ಕಸ ಗುಡಿಸುತ್ತಿದ್ದಳು. ಗುಡಿಸಿ, ಕುರ್ಚಿಗೆ ಬೆನ್ನು ತೋರಿಸದೆ ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದಳು. ಹೀಗೆ ಇಳಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ನಂತರ ಚಂದಮ್ಮನೂ ಹಾಗೇ ಇಳಿದಳು. ಅಂಜಿಕೆಗೆ ಮೇಷ್ಟ್ರು ಬೇಕೆ?

ಇವತ್ತು ಮಧ್ಯಾಹ್ನದವರೆಗೆ ತಡೆದರೆ ಸಾಕಿತ್ತು. ಮನ್ನಾಏಖೇಳ್ಳಿಗೆ ಕಲ್ಲು ಸಾಗಿಸುವ ಲಾರಿಯ ಡ್ರೈವರ್ ಖಾಜಾ, ಹಿಂತಿರುಗುವಾಗ ಡಾಂಬರು ರಸ್ತೆಯಲ್ಲಿ ನಿಂತು ಹಾರ್ನ್ ಹೊಡೆಯುತ್ತೇನೆ, ವೈಜಿನಾಥನನ್ನು ಹತ್ತಿಸಿಕೊಂಡು ಹೋಗುತ್ತೇನೆ ಅಂದಿದ್ದ.

ಆಳುಗಳನ್ನು ಜೀಪಿನ ಹತ್ತಿರ ಬಿಟ್ಟು ಗೌಡ ಬಾಗಿಲಲ್ಲಿ ನಿಂತ. ಕೀರ್ತನೆ ನಿಂತಿತು. ಅವನು ಒಂದೊಂದು ಮುಖವನ್ನೂ ಹೊಲದ ತೆನೆ ನೋಡಿದ ಹಾಗೆ ನೋಡಿದ.

"ಹಾಡ್ರಿ, ಹಾಡ್ರಿ. ಯಾಕ ನಿಲ್ಲಿಸಿದ್ರಿ? ನಾನೂ ಕೇಳೋಣಂತ ಬಂದೀನಿ."

ಸಭೆಯ ಹಿರಿಯ ಅಂಬಾದಾಸನಿಗೆ ಅಟ್ಟದಲ್ಲಿ ಯಾರಿದ್ದಾರೆಂದು ತಿಳಿಯದು. ಅವನು ಕಟ್ಟೆಯಿಂದ ಇಳಿದು ಕೈಮುಗಿದುಕೊಂಡು ಓಡಿದ.

"ಇಲ್ಯಾಕ ನಿಂತ್ರಿ ಧಣಿ? ನಿಮ್ಮ ಜಾಗ ಮ್ಯಾಲದರಿ. ನಿಮ್ಮ ಅಪ್ಪಾರು ಕುಂತ ಕುರ್ಚಿ ಹಂಗೇ ಕಾಯ್ದಿಟ್ಟೀವಿ. ಬರ್ರಿ, ಮೆಟ್ಟಿಲು ಹೊರಗದ."

ಗೌಡನ ಹುಬ್ಬು ಮೇಲೇರಿತು. "ಕಾಯ್ದಿಟ್ಟೀರಿ? ಭಲೆ! ನೋಡಿಯೇ ಬಿಡೋಣ ನಡಿ."

ಕೂಗಿದರೆ ಚಂದಮ್ಮನ ತಮ್ಮ ಸತ್ತ, ಸುಮ್ಮನಿದ್ದರೂ ಸತ್ತ. ಎದ್ದಳು. ಪಕ್ಕದ ಬಾಗಿಲಿನಿಂದ ನುಸುಳಿ, ಗೋಡೆ ಸುತ್ತಿ, ಗೌಡ ಬರುವ ಮುಂಚೆ ಮೆಟ್ಟಿಲು ಹಿಡಿದಳು. ಒಬ್ಬರು ಹತ್ತುವಷ್ಟೇ ಅಗಲದ ಮೆಟ್ಟಿಲು, ಪಕ್ಕಕ್ಕೆ ಹಿಡಿಯಲು ಏನೂ ಇಲ್ಲ.

"ಎಲ್ಲಿಗೇ ಚಂದೀ?" ಹಿಂದಿನಿಂದ ಗೌಡನ ದನಿ.

"ಧೂಳದರಿ ಧಣಿ. ಕುರ್ಚಿ ಒರಸ್ತೀನ್ರಿ."

ಒಳಗೆ ಹೊಕ್ಕಳು. ವೈಜಿನಾಥನ ಕಣ್ಣು ಕತ್ತಲಲ್ಲಿ ಸಿಕ್ಕ ಮೊಲದ ಕಣ್ಣಾಗಿತ್ತು. "ಅಕ್ಕಾ..." ಅಂದ. ಅಡಗಲು ಅಲ್ಲಿ ಏನಿತ್ತು? ಒಂದು ಕುರ್ಚಿ, ಮೂರು ಗೋಡೆ, ಸಭೆಯ ಕಡೆಗೆ ತೆರೆದ ಬಾಯಿ. ಗೌಡನ ಕೆರದ ಸದ್ದು ಹತ್ತಿರವಾಗುತ್ತಿತ್ತು.

ಚಂದಮ್ಮ ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಸೆರಗು ಬಿಚ್ಚಿ ಹಿಂದಕ್ಕೂ ಪಕ್ಕಕ್ಕೂ ಹರಡಿ ತಮ್ಮನನ್ನು ಮುಚ್ಚಿದಳು. ಗೌಡ ಬಾಗಿಲಿಗೆ ಬಂದವನು ಹೊಸ್ತಿಲಲ್ಲೇ ನಿಂತ.

"ಇಳಿಯೇ ಕೆಳಗ."

ಅವಳು ಕುಳಿತೇ ಇದ್ದಳು. ಗೌಡ ಒಳಗೆ ಕಾಲಿಡಬೇಕೆಂದರೆ ಅವಳಿಗೆ ತಾಗಿಕೊಂಡೇ ಬರಬೇಕು. ಅವಳ ನೆರಳು ಬಿದ್ದ ಕೊಡದ ನೀರು ಚೆಲ್ಲಿಸುವ ಮನೆತನ ಅದು. ಅವನ ಬಲಗಾಲು ಹೊಸ್ತಿಲ ಮೇಲೆ ಎದ್ದು ಮತ್ತೆ ಅಲ್ಲೇ ಕೂತಿತು.

"ನಮ್ಮಪ್ಪನ ಕುರ್ಚಿ ಹೊಲಸು ಮಾಡಿದೆಲ್ಲ, ರಂಡೆ!"

ಕೆಳಗಿನಿಂದ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಮೊದಲು ಎದ್ದವಳು ಮುದುಕಿ ಸುಮನಬಾಯಿ, ಉಬ್ಬಸದ ರೋಗಿ. ಅವಳು ಹೊರಗೆ ಬಂದು ಮೆಟ್ಟಿಲು ಹತ್ತತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

"ಸರೀರಿ ಅತ್ಲಾಗ!" ಗೌಡ ಗದರಿದ.

"ಎಲ್ಲಿ ಸರೀಲಿ ಯಪ್ಪಾ?" ಸುಮನಬಾಯಿ ಉಸಿರೆಳೆದಳು. "ಆ ಪಾದ್ರಿ ಮೆಟ್ಟಿಲ ಸಣ್ಣ ಕಟ್ಯಾನ. ನೀವೊಬ್ಬರೇ ಹತ್ತೋದು ಅಂತ ತಿಳಿದಿದ್ದ, ಪಾಪ. ನಂಗೂ ಒಮ್ಮೆ ಮ್ಯಾಲ ಕುಂತು ನೋಡೋ ಆಸೆ ಅದ."

ಗೌಡ ಕುರ್ಚಿಯ ಮೇಲಿಂದ ಕಣ್ಣು ತೆಗೆಯದೆ, ಕಾಲಿನಿಂದ ಒಂದೊಂದೇ ಮೆಟ್ಟಿಲು ತಡವುತ್ತ ಹಿಮ್ಮುಖವಾಗಿ ಇಳಿದ. ಕೊನೆಗೆ ಹೆಂಗಸರು ತಾಗಿಯಾರೆಂದು ಮೆಟ್ಟಿಲ ಬದಿಯಿಂದ ಧೂಳಿಗೆ ಹಾರಿದ. ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಲ್ಲೂ ಇರಲಿಲ್ಲ.

ಅಟ್ಟ ತುಂಬಿತು. ಸೆರಗಿನ ಕೆಳಗೆ ಯಾರಿದ್ದಾರೆಂದು ಹೆಂಗಸರಿಗೆ ತಿಳಿಯಿತು. ಒಬ್ಬಳೂ ಬಾಯಿ ಬಿಡಲಿಲ್ಲ. ಜೀಪು ಮಾತ್ರ ಬೇವಿನ ಮರದ ಕೆಳಗೆ ಹಾಗೇ ನಿಂತಿತ್ತು. ಅಂಬಾದಾಸ ಹಾಡಿದ ಕೀರ್ತನೆಯನ್ನೇ ಮತ್ತೆ ಮತ್ತೆ ಹಾಡಿಸಿದ. ಮನೆಗೆ ಹೋಗುವುದಕ್ಕೆ ಜನ ಅಂಜಿದ್ದರು.

ಮಧ್ಯಾಹ್ನ ರಸ್ತೆಯ ಕಡೆಯಿಂದ ಹಾರ್ನ್ ಕೇಳಿತು. ಚಂದಮ್ಮ ಎದ್ದಳು. ವೈಜಿನಾಥನನ್ನು ನಡುವೆ ಹಾಕಿಕೊಂಡು, ಭುಜಕ್ಕೆ ಭುಜ ಹಚ್ಚಿ, ಹೆಂಗಸರು ಮುಂದೆ ಗಂಡಸರು ಹಿಂದೆ ರಸ್ತೆಗೆ ನಡೆದರು. ಜೀಪಿನ ಪಕ್ಕದಿಂದಲೇ ಹಾಯ್ದರು. ಆಳುಗಳು ಕೊಡಲಿ ಹಿಡಿದು ಗೌಡನ ಮುಖ ನೋಡಿದರು. ಗೌಡ ಜನರನ್ನು ನೋಡುತ್ತಿದ್ದ, ಯಾರು ಯಾರು ಎಂದು.

ವೈಜಿನಾಥ ಹತ್ತಿದ, ಲಾರಿಯ ಬಾಗಿಲು ಮುಚ್ಚಿತು. "ಖುದಾ ಹಾಫಿಜ್ ಅಕ್ಕಾ," ಅಂದ ಖಾಜಾ. ಲಾರಿ ತಿರುವಿನಲ್ಲಿ ಮರೆಯಾಯಿತು.

ಆಗ ಜೀಪು ಗುರ್ರೆಂದಿತು. ಅದು ಲಾರಿಯ ಬೆನ್ನು ಹತ್ತಲಿಲ್ಲ. ಕೇರಿಯ ಕಡೆ ತಿರುಗಿತು. ಕೇರಿಯಲ್ಲಿ ಉಳಿದಿದ್ದವರು ನಡೆಯಲಾರದ ಮುದುಕರು, ತೊಟ್ಟಿಲ ಕೂಸುಗಳು.

"ಗಂಟಿ!" ಎಂದು ಚಂದಮ್ಮ ಕಿರುಚಿದಳು. "ಗಂಟಿ ಬಾರಸ್ರಿ ಯಾರರೆ!"

ಗೌಡನನ್ನು ಅಟ್ಟಕ್ಕೆ ಕರೆದಿದ್ದ ಅಂಬಾದಾಸ ಎಲ್ಲರಿಗಿಂತ ಮೊದಲು ಚರ್ಚಿನ ಕಡೆ ಓಡಿದ. ಗೋಡೆಯ ಹೊರಗೆ ನೇತಾಡುತ್ತಿದ್ದ ಹಗ್ಗಕ್ಕೆ ಜೋತುಬಿದ್ದ. ಉಳಿದವರು ಕೇರಿಯ ಕಡೆ ಓಡಿದರು. ಬೆನ್ನ ಹಿಂದೆ ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಎದುರಿಗೆ, ಮೊದಲ ಗುಡಿಸಲಿನ ಸೋಗೆಯಿಂದ, ಹೊಗೆ ಏಳುತ್ತಿತ್ತು.