ಫಾಲತೂ ಫೋಲ್ಡರು

ಮಿರಜದ ಕಣ್ಣಿನ ಡಾಕ್ಟರು ವರದಿಯ ಹಾಳೆಗಳನ್ನು ಒಂದೊಂದಾಗಿ ತಿರುವಿ, ಕೊನೆಗೆ ಗುರುಬಸಪ್ಪನವರನ್ನು ಬಿಟ್ಟು ಅವರ ಸೊಸೆ ರೂಪಾಲಿಯ ಮುಖ ನೋಡಿದರು. ನೋಟದ ನಡುಭಾಗ ಮಾಸುತ್ತ ಬಂದಿದೆ, ವರ್ಷದೊಳಗೆ ಬಹುಪಾಲು ಹೋಗಬಹುದು, ನೋಡುವ ಆಸೆ ಏನಾದರೂ ಇದ್ದರೆ ಬೇಗ ತೋರಿಸಿಬಿಡಿ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

ಹೊರಗೆ ಬಂದ ಮೇಲೆ ಗುರುಬಸಪ್ಪನವರು ನಕ್ಕರು. "ಮೆಲ್ಲಕ ಹೇಳಿದ್ರ ರೋಗ ಸಣ್ಣದಾಗತೈತೇನ? ನಡಿಯವ್ವಾ, ಆ ಡಬ್ಬಿ ಅಂಗಡಿಗೆ ಹೋಗೂಣು."

ಅವರ ಆಸೆ ಏನೆಂದು ರೂಪಾಲಿಗೆ ಗೊತ್ತಿತ್ತು. ಸಾಂಗಲಿಯ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಅರಿಶಿನದ ವ್ಯಾಪಾರ ಮಾಡಿದ ಈ ಮಾವನಿಗೆ ಇದ್ದ ಚಟ ಒಂದೇ, ಹ್ಯಾಂಡಿಕ್ಯಾಮ್. ಹತ್ತು ವರ್ಷ ಕೊರಳಿಗೆ ಹಾಕಿಕೊಂಡೇ ತಿರುಗಿದ್ದರು. ಟೇಪುಗಳನ್ನೆಲ್ಲ ಗಂಡ ಈರೇಶ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಟ್ಟಿದ್ದ. ೨೦೧೯ರ ಮಹಾಪೂರದಲ್ಲಿ ಗೋದಾಮಿನ ಟೇಪುಗಳು ಕೃಷ್ಣೆಯ ಪಾಲಾದವು, ಮಹಡಿಯ ಮೇಲಿದ್ದ ಡಿಸ್ಕು ಉಳಿಯಿತು. ಆದರೆ ಮನೆಯ ಟಿವಿ ಆ ಹಳೇ ವಿಡಿಯೋಗಳನ್ನು ಓದುತ್ತಿರಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎನ್ನುವುದರಲ್ಲೇ ಐದು ವರ್ಷ ಕಳೆದಿದ್ದವು.

ಈಗ ಒಂದು ತಿಂಗಳಿಂದ ರೂಪಾಲಿ, ಕುಕ್ಕರಿನ ಸೀಟಿಗೂ ಸೀಟಿಗೂ ನಡುವೆ, ಬಟ್ಟೆ ಮಡಚುತ್ತ, ಮಗಳು ಅನುಜಾಳ ಪಾಠ ಕೇಳುತ್ತ, ಫೋನಿನಲ್ಲಿ ಓದಿ ಓದಿ ಒಂದು ವಿಷಯ ತಿಳಿದುಕೊಂಡಿದ್ದಳು. ಮನೆಯ ವೈಫೈಗೆ ಜೋಡಿಸಿಡುವ ಒಂದು ಪೆಟ್ಟಿಗೆ ಸಿಗುತ್ತದೆ, ನಾಸ್ ಎನ್ನುತ್ತಾರೆ. ವಿಡಿಯೋ ಎಲ್ಲ ಅದರ ಹೊಟ್ಟೆಯಲ್ಲಿ ಇಟ್ಟರೆ, ಮನೆಯಲ್ಲಿ ಎಲ್ಲಿ ಕೂತರೂ ಟಿವಿಯಲ್ಲೋ ಫೋನಿನಲ್ಲೋ ನೋಡಬಹುದು. ಯಾವುದು ಕೊಳ್ಳಬೇಕು ಎಂಬುದೊಂದೇ ಬಗೆಹರಿದಿರಲಿಲ್ಲ. ಮಿರಜದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ನಿಲೇಶನ ಅಂಗಡಿಗೆ ಫೋನು ಮಾಡಿದಾಗ, "ಡಿಸ್ಕ ತಗೊಂಡ ಬರ್ರಿ ತಾಯಿ, ಹಾಕಿ ನೋಡೂಣು," ಎಂದಿದ್ದ. ಅದು ಈಗ ಅವಳ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕ, ಹಳೇ ದುಪಟ್ಟಾದಲ್ಲಿ ಸುತ್ತಿಕೊಂಡು ಮಲಗಿತ್ತು.

ಆ ಡಿಸ್ಕಿನಲ್ಲಿ ಅವಳ ಆಸೆಯೂ ಒಂದು ಇತ್ತು. ಬೇಡಗ ಊರಿನ ಅವಳಪ್ಪ ಧೋಂಡಪ್ಪ ತೀರಿಕೊಂಡು ಏಳು ವರ್ಷ. ಫೋಟೋಗಳು ಬೇಕಾದಷ್ಟಿದ್ದವು. ಅಪ್ಪ ನಡೆಯುವುದು, ತಿರುಗಿ ನೋಡುವುದು ಇದ್ದದ್ದು ಮಾತ್ರ ಅವಳ ಲಗ್ನದ ವಿಡಿಯೋದಲ್ಲಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ನಿಲೇಶನ ಅಂಗಡಿ ಸಿತಾರು ಮಾಡುವವರ ಓಣಿಯಲ್ಲಿತ್ತು. ಪಕ್ಕದ ಮನೆಯಲ್ಲಿ ಯಾರೋ ತಂಬೂರಿಯ ಒಂದೇ ತಂತಿಯನ್ನು ಮೀಟುತ್ತಿದ್ದರು. ಮೀಟಿ, ಬಿಗಿದು, ಮತ್ತೆ ಮೀಟಿ. ಮಧ್ಯಾಹ್ನದ ಬಿಸಿಲಲ್ಲಿ ಆ ಸ್ವರ ಹೊಗೆಯಂತೆ ಅಂಗಡಿಯೊಳಗೂ ಬಂದು ನಿಲ್ಲುತ್ತಿತ್ತು.

ನಿಲೇಶ ಮೂರು ಪೆಟ್ಟಿಗೆಗಳನ್ನು ಸಾಲಾಗಿಟ್ಟ. "ಕುಂದ್ರಿ ಕಾಕಾ. ಇದು ಒಂದು ಡಿಸ್ಕದ್ದು, ಸಸ್ತಾ. ಇದು ಎರಡರದು, ಪಣ್ ತಲಿ ಜರಾ ಮಂದ, ಹಳೇ ವಿಡಿಯೋ ಟಿವಿಗೆ ತಿಳಿಯೂವಂಗ ಮಾಡಿಕೊಡೂದಿಲ್ಲ. ಈ ಮೂರನೇದು ಎರಡು ಡಿಸ್ಕ ಹಿಡೀತದ, ತಲೀನೂ ಚಲೋ. ಎರಡೂದ್ರಾಗ ಒಂದ ನಮೂನಿ ಬರ್ಕೊಂತದ. ಒಂದು ಸತ್ತರ ಇನ್ನೊಂದರಾಗ ಇರ್ತದ."

"ಹರಿಪುರದಾಗ ನಾವೂ ಹಂಗ ಮಾಡತಿದ್ವಿ," ಎಂದರು ಗುರುಬಸಪ್ಪನವರು. "ಎಲ್ಲಾ ಅರಿಷಿಣ ನೆಲದಾಗಿನ ಒಂದ ಹಗೇವಿನಾಗ ಇಡತಿದ್ದಿಲ್ಲ."

ಅವರಿಗೆ ಪೆಟ್ಟಿಗೆಗಳ ಬಣ್ಣ ಕಾಣಲಿಲ್ಲ. ಕೈಯಿಂದ ಸವರಿದರು, ಮೂಸಿದರು, ಕಿವಿ ಹಚ್ಚಿದರು. ರೂಪಾಲಿ ಗಾತ್ರ ತೋರಿಸಲೆಂದು ದುಪಟ್ಟಾ ಬಿಚ್ಚಿ ಹಳೇ ಡಿಸ್ಕನ್ನು ಮೇಜಿನ ಮೇಲಿಟ್ಟು, ಪ್ಲಗ್ಗಿನ ವೈರಿಗಾಗಿ ಚೀಲದೊಳಗೆ ಕೈಹಾಕಿದಳು. ಅಷ್ಟರಲ್ಲಿ ಮಾವ ಎಡಗೈಯಲ್ಲಿ ಅದನ್ನೂ ಬಲಗೈಯಲ್ಲಿ ನಿಲೇಶನ ಹೊಸ ಡಿಸ್ಕನ್ನೂ ಎತ್ತಿಕೊಂಡಿದ್ದರು.

ಅರಿಶಿನದ ಎರಡು ಕೊಂಬುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಖಣ್ ಎನ್ನುತ್ತದೆ, ಹಸಿಯದು ಮಂಕಾಗಿ ಟಪ್ ಎನ್ನುತ್ತದೆ. ಆ ಸದ್ದಿನ ಮೇಲೆಯೇ ಅವರು ನಲವತ್ತು ವರ್ಷ ಮಾಲು ಆರಿಸಿದ್ದರು. ಕೈ ಕೇಳಬೇಕಲ್ಲ.

ಟಕ್. ಟಕ್. ಮೂರನೆಯ ಸಲ ಇನ್ನೂ ಜೋರಾಗಿ.

"ಅಹೋ ಕಾಕಾ!" ನಿಲೇಶ ಕುರ್ಚಿಯಿಂದ ಹಾರಿ ಎದ್ದ. "ಹಳದ ನಾಹೀ ಹೋ ತೀ! ಅರಿಷಿಣ ಅಲ್ಲರಿ ಅದು! ಒಳಗ ಸೂಜಿ ಇರ್ತದ, ಕೂದಲದಷ್ಟು ಸಂದಿನ್ಯಾಗ!"

ಗುರುಬಸಪ್ಪನವರ ಕೈಗಳು ಗಾಳಿಯಲ್ಲೇ ನಿಂತವು. ಅವರ ಮುಖದ ನಗೆ ಒಂದೊಂದೇ ಮಡಿಕೆ ಬಿಚ್ಚಿಕೊಂಡು ಹೋಯಿತು. ರೂಪಾಲಿ ಎರಡನ್ನೂ ಅವರ ಕೈಯಿಂದ, ನಿದ್ದೆ ಹೋದ ಕೂಸನ್ನು ಇಸಿದುಕೊಳ್ಳುವ ಹಾಗೆ, ಇಸಿದುಕೊಂಡಳು.

ನಿಲೇಶ ಹಳೇ ಡಿಸ್ಕಿಗೆ ವೈರು ಸಿಕ್ಕಿಸಿದ. ಅದು ಒಳಗೊಳಗೇ ಕಟಕಟ ಅಂದಿತು, ನಿಂತಿತು, ಮತ್ತೆ ಕಟಕಟ ಅಂದು ಉಸಿರು ಹಿಡಿದು ತಿರುಗಲಾರಂಭಿಸಿತು.

"ತಾಯಿ, ಬಂದ್ ಮಾಡಿದ್ರ ಇದು ಮತ್ತ ಏಳತದೋ ಇಲ್ಲೋ ಹೇಳಾಕಾಗೂದಿಲ್ಲ. ನಡುವೆನೂ ನಿಲ್ಲಬಹುದು. ಕಾಪಿ ಮಾಡೂದಿದ್ರ ಆತ್ತಾಚ್, ಈಗ."

ಈರೇಶನನ್ನು ಕೇಳಿ ಕೊಳ್ಳೋಣ ಎಂದು ಬಂದಿದ್ದಳು. ಈರೇಶ ಕಸಬೆ ಡಿಗ್ರಜದಲ್ಲಿ ಮಾಲು ತೂಗಿಸುತ್ತಿದ್ದ, ಫೋನು ಎತ್ತಲಿಲ್ಲ. ರೂಪಾಲಿ ಮೂರನೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಇದನ್ನ ಚಾಲೂ ಮಾಡಪಾ."

ಬಡಿಸಿಕೊಂಡ ಹೊಸ ಡಿಸ್ಕನ್ನು ಬಿಟ್ಟು ಬೇರೆ ಎರಡನ್ನು ಅದರೊಳಗೆ ತೂರಿಸಿ ನಿಲೇಶ ಸಿದ್ಧಮಾಡಿದ. ಪರದೆಯ ಮೇಲೆ ಹಳೇ ಡಿಸ್ಕಿನ ಫೋಲ್ಡರುಗಳು ಬಂದವು. "ಯಾವದು ಮೊದಲ?" ಎಂದ.

ಅವಳ ಬಾಯಲ್ಲಿ ಲಗ್ನ ಎಂಬ ಮಾತು ಬಂದು ನಿಂತಿತ್ತು.

"ಏನೇನೈತಿ ಓದವ್ವಾ," ಎಂದರು ಮಾವ, ಮೇಜಿನಿಂದ ದೂರ ಸರಿದು, ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು.

"ಲಗ್ನ. ಅನುಜಾನ ಬಾರಸೆ, ಹೆಸರಿಟ್ಟಿದ್ದು. ಗೋದಾಮು. ಫಾಲತೂ."

"ಫಾಲತೂ ಅಂದ್ರ?"

"ಅವರು ಹಂಗ ಹೆಸರಿಟ್ಟಾರ್ರಿ. ನೀವು ಕ್ಯಾಮೆರಾ ಬಂದ್ ಮಾಡೂದು ಮರತು ತಿರಗಾಡಿದ್ದೆಲ್ಲಾ ಅದರಾಗ ಐತಂತ."

"ಬೇಕಂತ ತಗದಿದ್ದೆಲ್ಲಾ ನಾ ನೋಡೇನಿ. ಅದನ್ನ ನಾ ಒಮ್ಮೆನೂ ನೋಡಿಲ್ಲ ನೋಡು." ಗುರುಬಸಪ್ಪನವರು ಇಷ್ಟೇ ಅಂದರು. ಮೊದಲು ಅದನ್ನು ಹಾಕು ಎಂದು ಕೇಳಲಿಲ್ಲ. ಡಿಸ್ಕನ್ನು ಬಡಿದ ಮನುಷ್ಯನಿಗೆ ಕೇಳುವ ಹಕ್ಕಿಲ್ಲ ಎಂದುಕೊಂಡಿದ್ದರೇನೋ.

ಅಪ್ಪ ಹೋಗಿ ಏಳು ವರ್ಷವಾಯಿತು, ಎಂದುಕೊಂಡಳು ರೂಪಾಲಿ. ಈ ಕಣ್ಣುಗಳು ಇನ್ನೂ ಇವೆ.

"ಫಾಲತೂ ಮೊದಲ," ಎಂದಳು. "ಆಮ್ಯಾಲ ಬಾರಸೆ, ಆಮ್ಯಾಲ ಲಗ್ನ."

ಕಾಪಿಯ ಹಸಿರು ಗೆರೆ ಪರದೆಯ ಮೇಲೆ ಇರುವೆಯ ಹಾಗೆ ಹೊರಟಿತು. ಪಕ್ಕದ ಮನೆಯಲ್ಲಿ ತಂಬೂರಿಯ ಎರಡನೆಯ ತಂತಿ ಕೂಡಿತ್ತು. ಅವರು ಡಬ್ಬಿ ಬಿಚ್ಚಿ ರೊಟ್ಟಿ ತಿಂದರು, ನಿಲೇಶನಿಗೂ ಒಂದು ಕೊಟ್ಟರು. "ಶೇಂಗಾ ಚಟ್ನಿ ಯಾರು ಮಾಡ್ಯಾರ?" ಎಂದು ಅವನು ಕೇಳಿದ. "ಈಕಿ ಅತ್ತಿ," ಎಂದರು ಗುರುಬಸಪ್ಪನವರು, "ಅದಕ್ಕ ನನ್ನ ನಾಲಿಗಿ ಸುಟ್ಟೈತಿ, ಕಣ್ಣಲ್ಲ." ಅತ್ತೆ ಅನುಸೂಯಾಬಾಯಿಗೆ ಫೋನು ಮಾಡಿ, ಅನುಜಾ ಶಾಲೆಯಿಂದ ಬಂದರೆ ಹಾಲು ಕೊಡ್ರಿ, ತಡವಾಗತೈತಿ ಎಂದು ರೂಪಾಲಿ ಹೇಳಿದಳು.

ಗಂಟೆಯ ಮೇಲೆ ಫಾಲತೂ ಮುಗಿಯಿತು. ಬಾರಸೆ ಏರುತ್ತಿರುವಾಗಲೇ ನಿಲೇಶ ಫಾಲತೂವನ್ನು ಹೊಸ ಪೆಟ್ಟಿಗೆಯಿಂದ ಅಂಗಡಿಯ ದೊಡ್ಡ ಟಿವಿಗೆ ಹಾಕಿದ.

ಗುರುಬಸಪ್ಪನವರು ಮೊದಲು ನೇರ ನೋಡಿದರು. ನಡುವೆ ಮಸಿ. ಆಮೇಲೆ ಮೆಲ್ಲಗೆ ಮುಖವನ್ನು ಬಾಗಿಲ ಕಡೆ ತಿರುಗಿಸಿದರು. ಉಳಿದಿರುವ ಅಂಚಿನ ನೋಟದಿಂದ ಟಿವಿ ಹಿಡಿಯಲಿಕ್ಕೆ. ನೋಡಿದವರಿಗೆ, ಅವರು ಹೊರಗಿನ ಬಿಸಿಲನ್ನು ನೋಡುತ್ತಿದ್ದಾರೆ ಅನ್ನಿಸಬೇಕು.

ತೂಗಾಡುವ ನೆಲ. ಅವರದೇ ಧೋತರದ ಅಂಚು, ಚಪ್ಪಲಿ. ಅರಿಶಿನ ಕುದಿಸುವ ಕೊಪ್ಪರಿಗೆಯ ಉಗಿ ಬಂದು ಎಲ್ಲವನ್ನೂ ಹಳದಿಯಾಗಿ ಮುಚ್ಚಿತು, ತೆರೆಯಿತು. ಮತ್ತೆ ನೆಲ. ಅಂಗಳ. ಹಗ್ಗದ ಮೇಲೆ ಒಂದು ಕೆಂಪು ಸೀರೆ ಗಾಳಿ ತುಂಬಿಕೊಂಡು ಏಳುತ್ತಿತ್ತು, ಬೀಳುತ್ತಿತ್ತು. ಅದರಾಚೆ ಯಾರೋ ಹೆಣ್ಣುಮಗಳು ಜೋಳ ಹಸನು ಮಾಡುತ್ತ ಮಾತಿಲ್ಲದ ಒಂದು ರಾಗ ಗುನುಗುತ್ತಿದ್ದಳು.

"ಇದ್ಯಾರ ದನಿ?" ಎಂದರು ಅವರು.

"ನಂದರಿ," ಎಂದಳು ರೂಪಾಲಿ. ತಾನು ಹಾಗೆ ಗುನುಗುತ್ತಿದ್ದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಹನ್ನೆರಡು ವರ್ಷ ಒಂದ ಮನ್ಯಾಗ ಅದೇವಿ, ನಾ ಕೇಳೇ ಇಲ್ಲ," ಎಂದು ಬಾಗಿಲ ಕಡೆಗೇ ಮುಖವಿಟ್ಟು ಅವರು ನಕ್ಕರು. ಉಗಿ, ಸೀರೆ, ನೆಲ, ಮೋಡ ಬಂದು ನಿಂತ ನದಿಯ ದಂಡೆ ಒಂದರ ಹಿಂದೊಂದು ಹೋದವು. ಅರ್ಧ ತಾಸಿನಲ್ಲಿ ಬಾರಸೆ ಮುಗಿದು ಲಗ್ನ ಏರತೊಡಗಿತು.

ಆಗ ಹಳೇ ಡಿಸ್ಕು ಮತ್ತೆ ಕಟಕಟ ಅಂದಿತು. ನಿಲೇಶ ಬಗ್ಗಿ ನೋಡಿದ. ಲಗ್ನದ ಗೆರೆ ನಾಲ್ಕರಲ್ಲೊಂದು ಪಾಲು ಬಂದು ನಿಂತಿತ್ತು. ವೈರು ತೆಗೆದು ಹಾಕಿದ, ಅಲುಗಿಸದೆ ಕಾದ, ಮತ್ತೆ ಹಾಕಿದ. ಅದು ಮತ್ತೆ ಏಳಲಿಲ್ಲ. ರೂಪಾಲಿ ಬಂದಷ್ಟನ್ನು ತೆರೆದಳು. ಹೆಂಗಸರು ಅರಿಶಿನ ಹಚ್ಚುತ್ತಿದ್ದರು, ಲಗ್ನದ ಹಿಂದಿನ ದಿನದ್ದು. ಅಪ್ಪನ ಬಸ್ಸು ಇನ್ನೂ ಬಂದಿರಲಿಲ್ಲ.

"ಏನು ಹೋತು?" ಎಂದು ಕೇಳಿದರು ಮಾವ.

ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಆಗಲಿಲ್ಲ. "ಲಗ್ನದ್ದು ಹೋತ್ರಿ. ನಮ್ಮಪ್ಪ ಇದ್ದದ್ದು."

ಅವರು ಬಹಳ ಹೊತ್ತು ತಮ್ಮ ಅಂಗೈಗಳನ್ನೇ ಸವರಿಕೊಂಡರು. ನಿಲೇಶ ಟಿವಿಯ ದನಿ ಇಳಿಸಿದ.

"ನಿಮ್ಮಪ್ಪ ಅಂಕಲಿ ಕಡೆ ಬಾಗಲದಿಂದ ಒಳಗ ಬಂದಾ," ಎಂದರು ಗುರುಬಸಪ್ಪನವರು. "ತಲಿಗೆ ಕೇಸರಿ ಪಟಗಾ. ಹೊಸಾದು, ಒಂದ ಕಿವಿ ಮುಚ್ಚಿತ್ತು. ನಾ ಕ್ಯಾಮೆರಾ ಹಿಡದಿದ್ದು ನೋಡಿ ಪಟಗಾ ಸರಿಮಾಡಿಕೊಂಡಾ, ಮತ್ತ ಜಾರಿತು. ಮಜ್ಜಿಗಿ ಹಂಡೇದ ಹಂತ್ಯಾಕ ನಿಂತು ಒಂದು ಗ್ಲಾಸ ಕುಡದಾ, ಉಪ್ಪು ಕಮ್ಮಿ ಅಂತ ಅಡಿಗಿಯವಗ ಸನ್ನಿ ಮಾಡಿದಾ."

ರೂಪಾಲಿ ಅವರ ಎದುರಿನ ಸ್ಟೂಲಿನ ಮೇಲೆ ಕೂತಳು. "ಆಮ್ಯಾಲ್ರಿ?"

"ಆಮ್ಯಾಲ ಅಕ್ಕಿಕಾಳು ಹಂಚಿದ್ರು. ಎಲ್ಲಾರೂ ಒಗದ್ರು. ಅಂವ ಒಗೀಲಿಲ್ಲ. ಮುಷ್ಟಿ ಬಿಗಿ ಹಿಡಕೊಂಡು ನಿನ್ನ ನೋಡಕೋತ ನಿಂತಬಿಟ್ಟಾ. ಮಂದಿ ಎಲ್ಲಾ ಊಟಕ್ಕ ಹ್ವಾದ ಮ್ಯಾಲ ಆ ಕೈಲೆನ ಕಣ್ಣೊರಸಿಕೊಂಡಾ. ಗಲ್ಲಕ್ಕ ನಾಕ ಕಾಳು ಅಂಟಿದ್ವು. ನಾ ಹತ್ರ ಹೋಗಿ ಅದನ್ನೂ ಕ್ಯಾಮೆರಾದಾಗ ತಗದೇನಿ."

"ಎಡಗಲ್ಲಕ್ಕೋ, ಬಲಗಲ್ಲಕ್ಕೋ?"

ಅವರು ಕಣ್ಣು ಮುಚ್ಚಿಕೊಂಡು ನೋಡಿದರು. "ಎಡಕ್ಕ," ಎಂದರು. "ತಡಿ, ಇನ್ನೂ ಐತಿ."